ಹೊನ್ನಾವರಕ್ಕೆ ಹೊರಟ ಬರಗೇರಮ್ಮ

ಮತ್ತೋಡಿನ ಬರಗೇರಮ್ಮನಿಗೆ ಅರವತ್ತು ತುಂಬಿದೆಯೆಂದು ಮೊದಲು ಕಂಡುಹಿಡಿದದ್ದು ಸರ್ಕಾರ. ಆಕೆಗೆ ಅದು ಗೊತ್ತೇ ಇರಲಿಲ್ಲ. ಹುಟ್ಟಿದ್ದು ಯಾವಾಗ ಎಂದು ಆಧಾರ್ ಕಾರ್ಡಿನವನು ಕೇಳಿದಾಗ ‘ಸುಗ್ಗೀಲಂತೆ’ ಎಂದಿದ್ದಳು. ಅವನು ತನಗೆ ತೋಚಿದ ಒಂದು ತಾರೀಖು ಬರೆದುಕೊಂಡ. ಆ ತಾರೀಖನ್ನು ನಂಬಿ ಕಳೆದ ಮಾರ್ಚಿನಲ್ಲಿ ಹೆಡ್‌ಮಾಸ್ಟರು ಆಕೆಯನ್ನು ಕರೆದು, ವಯಸ್ಸಾಯಿತಮ್ಮ, ನಾಳೆಯಿಂದ ಬರುವುದು ಬೇಡ ಎಂದರು. ಶಾಲೆಯ ಬಿಸಿಯೂಟದ ಒಲೆಯ ಮುಂದೆ ಇಪ್ಪತ್ತೆರಡು ವರ್ಷ ನಿಂತವಳಿಗೆ ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೊ. ಫೋಟೊದಲ್ಲಿ ಆಕೆಯ ಮುಖಕ್ಕೆ ಯಾರದೋ ಕೈ ಅಡ್ಡ ಬಂದಿತ್ತು.

ಮಳೆಗಾಲದವರೆಗೆ ಏನೂ ಅನ್ನಿಸಲಿಲ್ಲ. ದೀಪಾವಳಿ ಕಳೆದು ಮೂಡಗಾಳಿ ಎದ್ದಾಗ ಗೊತ್ತಾಯಿತು. ಬೆಳಗಾದರೆ ಕೈಬೆರಳು ಮಡಚಲು ಬರುತ್ತಿರಲಿಲ್ಲ. ಇನ್ನೂರು ಮಕ್ಕಳ ಅನ್ನದ ಹಬೆಯಲ್ಲಿ ಅಷ್ಟು ವರ್ಷ ಬೆಂದ ಮೈಗೆ ಚಳಿಗಾಲವೊಂದು ಇದೆ ಎನ್ನುವುದೇ ಮರೆತುಹೋಗಿತ್ತು. ಗಂಡ ಗುಡ್ಡಪ್ಪ ಮನೆಯಲ್ಲಿರಲಿಲ್ಲ. ಅವನು ಕುರಿಗಾರ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಪ್ರತಿವರ್ಷ ಈ ಹೊತ್ತಿಗೆ ಕುರಿ ಹೊಡೆದುಕೊಂಡು ದಾವಣಗೆರೆ ಸೀಮೆಗೆ ಹೋದವನು ಮೂರು ತಿಂಗಳು ಬರುವುದಿಲ್ಲ. ಮಗ ರವೀಂದ್ರ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಲಾರಿ ತುಂಬಿಸುವ ಕೆಲಸದವನು, ಭಾನುವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಮಗಳು ಕಾವ್ಯಶ್ರೀ ಹೊಳಲ್ಕೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ.

ಹೀಗಿರುವಾಗ ಒಂದು ದಿನ ಅನುಪಮಾ ಟೀಚರ್ ಫೋನ್ ಮಾಡಿದರು. ಮತ್ತೋಡಿನ ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿ ತಮ್ಮೂರು ಹೊನ್ನಾವರಕ್ಕೆ ವರ್ಗ ಮಾಡಿಸಿಕೊಂಡು ಹೋದವರು. “ಇಲ್ಲಿ ಈಗಲೂ ಫ್ಯಾನ್ ಹಾಕ್ಕೊಂಡೇ ಮಲಗ್ತೇವೆ ಬರಗೇರಮ್ಮ. ಬನ್ನಿ ಒಂದ್ಸಲ, ಸಮುದ್ರ ತೋರಿಸ್ತೇನೆ” ಎಂದರು. ಇಂಥ ಮಾತನ್ನು ಎಲ್ಲರೂ ಆಡುತ್ತಾರೆ, ಕೇಳಿದವರು ಹೂಂ ಎಂದು ಮರೆಯುತ್ತಾರೆ. ಬರಗೇರಮ್ಮ ಮರೆಯಲಿಲ್ಲ. ಹೋಗುವುದೆಂದು ಅಂದೇ ನಿರ್ಧರಿಸಿದಳು. ಅದೂ ಸೈಕಲ್ಲಿನಲ್ಲಿ.

ಆಕೆಯ ಸೈಕಲ್ಲಿನ ಸಂಗತಿ ಹೇಳದಿದ್ದರೆ ಇದು ಹುಚ್ಚೆಂದು ತೋರೀತು. ಕಾವ್ಯಶ್ರೀಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಲೇಡೀಸ್ ಸೈಕಲ್ಲು ಅದು. ಹುಡುಗಿ ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ನಲವತ್ತೈದು ದಾಟಿದ್ದ ಬರಗೇರಮ್ಮ ಅದನ್ನು ಶಾಲೆಗೆ ತಳ್ಳಿಕೊಂಡು ಹೋಗಿ, ಪಾತ್ರೆ ತೊಳೆದಾದ ಮೇಲೆ ಮೈದಾನದಲ್ಲಿ ಬಿದ್ದೂ ಎದ್ದೂ ಕಲಿತಳು. ಮಕ್ಕಳು ಕಿಟಕಿಯಿಂದ ಕೇಕೆ ಹಾಕಿದರೆ ಸೌಟು ತೋರಿಸುತ್ತಿದ್ದಳು. ಅಲ್ಲಿಂದಾಚೆ ಶಾಲೆಗೆ, ಹೊಲಕ್ಕೆ, ಹೊಸದುರ್ಗದ ಸಂತೆಗೆ ಎಲ್ಲಕ್ಕೂ ಸೈಕಲ್ಲೇ.

“ಬಸ್ಸು ಹೆಂಗಸ್ರಿಗೆ ಫ್ರೀ ಐತಲ್ಲವ್ವ. ಆರಾಮಾಗಿ ಕುಂತ್ಕಂಡು ಹೋಗಿ ಬಾ” ಎಂದ ರವೀಂದ್ರ.

“ಬಸ್ಸಲ್ಲಿ ಹೋದ್ರೆ ಬಸ್ಸು ಹೋದಂಗೆ ಆಗ್ತೈತೆ. ನಾನು ಹೋದಂಗೆ ಆಗಲ್ಲ” ಎಂದಳು.

ಕಾವ್ಯಶ್ರೀ ತಾಯಿಯ ಕಡೆ. ಚಿತ್ರದುರ್ಗದ ಸೈಕಲ್ ಬಳಗವೊಂದು ಈ ಚಳಿಗಾಲದ ಪ್ರವಾಸಕ್ಕೆ ಹೊನ್ನಾವರವನ್ನೇ ಆರಿಸಿಕೊಂಡಿದೆಯೆಂದು ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿದವಳು ಅವಳೇ. ಬರಲು ಇಷ್ಟವಿದ್ದವರು ಭಾನುವಾರ ಹತ್ತು ಗಂಟೆಯೊಳಗೆ ಮೂವತ್ತು ಕಿಲೋಮೀಟರ್ ತುಳಿದುಕೊಂಡು ಊರಂಚಿನ ಚಂದ್ರವಳ್ಳಿಗೆ ಬಂದು ಸೇರಬೇಕು, ಅದೇ ಪರೀಕ್ಷೆ. ಬರಗೇರಮ್ಮ ಶನಿವಾರವೇ ಹೊಳಲ್ಕೆರೆಗೆ ಬಂದು ಮಗಳ ಮನೆಯಲ್ಲಿ ಉಳಿದಳು. ಭಾನುವಾರ ಬೆಳಗಾಗುತ್ತಲೇ ಸೀರೆಗೆ ಕಚ್ಚೆ ಹಾಕಿ, ಮೇಲೆ ಹೊಲದ ಕೆಲಸಕ್ಕೆ ತೊಡುವ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಹೊರಟಳು. ಒಂಬತ್ತೂವರೆಗೆ ಚಂದ್ರವಳ್ಳಿಯಲ್ಲಿದ್ದಳು.

ಅಲ್ಲಿ ಹದಿನೈದು ಮಂದಿ ಇದ್ದರು. ಎಲ್ಲರಿಗೂ ಹೆಲ್ಮೆಟ್ಟು, ಬಣ್ಣದ ಕನ್ನಡಕ, ಮೈಗಂಟಿದ ಬಟ್ಟೆ. ಎರಡೇ ಬೆರಳಲ್ಲಿ ಎತ್ತಬಹುದಾದ ಸೈಕಲ್ಲುಗಳು. ಅರ್ಧದಷ್ಟು ಜನ ಊರೊಳಗಿಂದಲೇ ಬಂದಿದ್ದರು, ಪರೀಕ್ಷೆ ಹೊಸಬರಿಗೆ ಮಾತ್ರವಂತೆ. ಆಕೆಯನ್ನು ನೋಡಿ ಚಪ್ಪಾಳೆ ತಟ್ಟಿದರು. ಒಬ್ಬ ವಿಡಿಯೊ ತೆಗೆದ. ಬಳಗದ ಮುಖಂಡ ಪ್ರಸನ್ನಕುಮಾರ್, ಕಾಲೇಜಿನ ಲೆಕ್ಚರರ್, ಒಳ್ಳೆಯ ಮನುಷ್ಯನೇ, ನೀರು ಕೊಟ್ಟು ಕಲ್ಲಿನ ಮೇಲೆ ಕೂರಿಸಿ, ಊರು ಕೆಲಸ ವಿಚಾರಿಸಿ, ಪ್ರವಾಸದ ಯೋಜನೆ ವಿವರಿಸಿದರು. ಸೈಕಲ್ಲುಗಳನ್ನು ಲಾರಿಗೆ ಹೇರಿ ಹೊನ್ನಾವರಕ್ಕೆ ಕಳಿಸುವುದು, ತಾವು ಬಸ್ಸಿನಲ್ಲಿ ಹೋಗುವುದು. ಎರಡು ದಿನ ಸಮುದ್ರ. ಆಮೇಲೆ ಅಲ್ಲಿಂದ ತುಳಿದುಕೊಂಡು ಚಿತ್ರದುರ್ಗಕ್ಕೆ ವಾಪಸ್ಸು. ಊರಬಾಗಿಲಲ್ಲಿ ಹಾರ ಹಾಕಿಸಿಕೊಂಡು ಮುಗಿಸುವುದು.

“ಸಾರ್, ಪುಷ್ಯದಾಗೆ ಗಾಳಿ ಮೂಡಲಿಂದ ಬರ್ತೈತೆ” ಎಂದಳು ಬರಗೇರಮ್ಮ. “ನೀವು ಅಲ್ಲಿಂದ ಇಲ್ಲಿಗೆ ಬಂದ್ರೆ ದಾರಿಯುದ್ದಕ್ಕೂ ಮುಖಕ್ಕೇ ಹೊಡೀತೈತೆ. ಮೇಲೆ ಘಾಟಿ ಬ್ಯಾರೆ ಹತ್ತಬೇಕು. ಇಲ್ಲಿಂದ ಅಲ್ಲಿಗೆ ತುಳೀರಿ, ಗಾಳಿನೇ ನೂಕ್ತೈತೆ, ಘಾಟಿನೂ ಇಳಿಯಾದೇ ಆಗ್ತೈತೆ.”

ಕಣದಲ್ಲಿ ರಾಗಿ ತೂರಿದ ಯಾವ ಹೆಂಗಸಿಗೂ ಇದು ಗೊತ್ತು. ಯಾವ ತಿಂಗಳಲ್ಲಿ ಗಾಳಿ ಎಲ್ಲಿಂದ, ಎಷ್ಟು ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ತಿಳಿಯದವಳ ಮೊರದಿಂದ ಬಿದ್ದ ಹೊಟ್ಟೆಲ್ಲ ಅವಳ ಕಣ್ಣಿಗೇ ಬರುತ್ತದೆ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ತಿರುಗುತ್ತಿದ್ದರೂ ಅದರ ಕೆಳಗಿರುವ ಈ ಮಂದಿಗೆ ಗಾಳಿ ಯಾವ ಕಡೆಯದೆಂದು ತಿಳಿಯಲಿಲ್ಲವಲ್ಲ ಎಂದು ಆಕೆಗೆ ಸೋಜಿಗವಾಯಿತು.

ಪ್ರಸನ್ನಕುಮಾರ್ ನಕ್ಕರು. “ಅದನ್ನೆಲ್ಲ ಆ್ಯಪ್‌ನಲ್ಲಿ ನೋಡಿದೀವಮ್ಮ. ನೀವು ತಲೆ ಕೆಡಿಸ್ಕಬೇಡಿ. ಅಲ್ಲ, ಈ ಸೈಕಲ್ಲಲ್ಲಿ ಮುನ್ನೂರು ಕಿಲೋಮೀಟರ್ ಆಗೋ ಮಾತಲ್ಲ. ಗೇರಿಲ್ಲ, ಏನಿಲ್ಲ. ನಿಮ್ಮನ್ನ ಬಿಟ್ಟು ಹೋಗಾಕೂ ಮನಸ್ಸಿಲ್ಲ ನಮಗೆ. ನಮ್ ಜೊತೆ ಒಂದು ಟೆಂಪೋ ಬರುತ್ತೆ. ಅಡುಗೆಗೆ ಒಬ್ಬರು ಬೇಕಾಗಿತ್ತು. ನೀವು ಬಿಸಿಯೂಟದ ಅಡುಗೆಯವರು ಅಂದ್ರಲ್ಲ, ಟೆಂಪೋದಲ್ಲಿ ಬಂದುಬಿಡ್ರಿ. ಸಮುದ್ರನೂ ನೋಡಿದಂಗಾಯ್ತು.”

ಸುತ್ತ ನಿಂತವರು ಒಳ್ಳೇ ಐಡಿಯಾ ಎಂದು ತಲೆಯಾಡಿಸಿದರು. ಬರಗೇರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುಂಜಾನೆಯ ಚಳಿಯಲ್ಲಿ ಮೂವತ್ತು ಕಿಲೋಮೀಟರ್ ತುಳಿದು ಬಂದವಳಲ್ಲಿ ಇವರಿಗೆ ಕಂಡದ್ದು ಒಂದು ಸೌಟು.

“ಟೆಂಪೋದಾಗೆ ಬರಾಕೆ ನಾನೇನು ಪಾತ್ರೆಯಾ ಸಾರ್?” ಎಂದು ಎದ್ದಳು. “ನಿಮ್ಮೂರಿಗೆ ನೀವು ಬರ್ರಿ. ನಾನು ಹೊನ್ನಾವರಕ್ಕೆ ನನ್ನ ಪಾಡಿಗೆ ಹೋಗ್ತೀನಿ.” ಮತ್ತೆ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರ್ ತುಳಿದಳು. ಅರ್ಧ ದಾರಿ ಕಣ್ಣೀರು ಒರೆಸಿಕೊಂಡೇ ಬಂದಳೆಂದು ಮುಚ್ಚುಮರೆಯಿಲ್ಲದೆ ಮಗಳಿಗೆ ಹೇಳಿದಳು.

ಆ ಸಂಜೆ ತಾಯಿ ಮಗಳು ಕೂತು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ತಮ್ಮದೇ ಯೋಜನೆ ಬರೆದರು. ಬೆಳಿಗ್ಗೆ ಗಾಳಿ ಎದ್ದ ಮೇಲೆ ಹೊರಡುವುದು, ಬಿಸಿಲು ನೆತ್ತಿಗೆ ಬಂದು ಇಳಿಯುವಷ್ಟರಲ್ಲಿ ನಿಲ್ಲಿಸುವುದು. ದಿನಕ್ಕೆ ನಲವತ್ತು ಕಿಲೋಮೀಟರ್, ಒಟ್ಟು ಎಂಟು ದಿನ. ಉಳಿಯುವುದೆಲ್ಲಿ ಎಂಬುದು ಕಾವ್ಯಶ್ರೀಗೆ ದೊಡ್ಡ ಚಿಂತೆಯಾಗಿತ್ತು. ಬರಗೇರಮ್ಮ ಬೆರಳು ಮಡಚುತ್ತಾ ಹೇಳಿದಳು. ಚನ್ನಗಿರಿಯಲ್ಲಿ ಲೆಕ್ಕದ ಮೇಷ್ಟ್ರು ತಿಪ್ಪೇಶ್. ಶಿವಮೊಗ್ಗದಲ್ಲಿ ಸುಮಾ ಟೀಚರ್. ಸಾಗರದಲ್ಲಿ ಪಿ.ಟಿ. ಮೇಷ್ಟ್ರು ದುರ್ಗೇಶ್. ನಡುವಿನ ಊರುಗಳಲ್ಲಿ ಅವರವರು ಹೇಳಿಕೊಡುವ ಪರಿಚಯದ ಮನೆಗಳು. ಮೇಷ್ಟ್ರು ಟೀಚರುಗಳೆಲ್ಲ ಮತ್ತೋಡಿನ ಶಾಲೆಗೆ ಬಂದು, ಆಕೆಯ ಅನ್ನ ಸಾಂಬಾರು ಉಂಡು, ವರ್ಗವಾಗಿ ಹೋದವರು. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಬೇಡವೆಂದವರು ಯಾರೂ ಇಲ್ಲ. ಗುಡ್ಡಪ್ಪನಿಗೂ ಫೋನ್ ಹೋಯಿತು. ಅತ್ತ ಕುರಿ ಅರಚುವ ಸದ್ದಿನ ನಡುವೆ ಅವನು ಎಲ್ಲ ಕೇಳಿ, “ಹೋಗು. ಪಂಪು ಮರೀಬ್ಯಾಡ” ಎಂದಷ್ಟೇ ಹೇಳಿ ಇಟ್ಟ.

ಆದರೆ ಚಂದ್ರವಳ್ಳಿಯ ವಿಡಿಯೊ ಆಕೆಗಿಂತ ಮುಂಚೆ ಹಿರಿಯೂರು ಮುಟ್ಟಿತ್ತು. ಕಚ್ಚೆ ಸೀರೆ, ಗಂಡಸಿನ ಅಂಗಿ, ಹಿಂದೆ ಒಂದು ಸಿನಿಮಾ ಹಾಡು. ಮಂಡಿಯ ಹಮಾಲರು ರವೀಂದ್ರನನ್ನು ಆಡಿಕೊಂಡು ನಕ್ಕರು. ಅವನು ಬುಧವಾರವೇ ಊರಿಗೆ ಬಂದು, ತಾಯಿ ಹೊಲದಲ್ಲಿದ್ದಾಗ ಸೈಕಲ್ಲನ್ನು ಕೊಟ್ಟಿಗೆಯ ಕಂಬಕ್ಕೆ ಸರಪಳಿಯಿಂದ ಬಿಗಿದು ಬೀಗ ಜಡಿದು, ಕೀಲಿ ಕಿಸೆಗೆ ಹಾಕಿಕೊಂಡು ಹೋದ. ಮಾತಾಡುವ ಧೈರ್ಯವಿಲ್ಲದವರು ಮಾಡುವ ಕೆಲಸ ಇದೇ.

ಸರಪಳಿ ಕತ್ತರಿಸಿಕೊಡುತ್ತೇವೆಂದು ಪಕ್ಕದ ಮನೆಯವರು ಹೇಳಿದರು. ಬರಗೇರಮ್ಮ ಒಪ್ಪಲಿಲ್ಲ. “ಕಳ್ಳತನ ಮಾಡಾಕೆ ಅದು ಬ್ಯಾರೆಯವ್ರ ಸೈಕಲ್ಲಾ? ಹಾಕ್ದೋನೇ ತೆಗೀಲಿ” ಎಂದು ಮರುದಿನ ಹಿರಿಯೂರಿನ ಬಸ್ಸು ಹತ್ತಿದಳು.

ಮಂಡಿಯಲ್ಲಿ ಲಾರಿ ತುಂಬುತ್ತಿತ್ತು. ಕಾಯಿಯ ರಾಶಿಯ ಮುಂದೆ ನಿಂತಿದ್ದ ರವೀಂದ್ರ ತಾಯಿಯನ್ನು ಕಂಡು ಬೆವತ. ಹಮಾಲರು ಕೈ ನಿಲ್ಲಿಸಿದರು.

“ಕುಂತ್ಕವ್ವ, ಟೀ ಹೇಳ್ತೀನಿ.”

“ಟೀ ಕುಡಿಯಾಕೆ ಬಂದಿಲ್ಲ. ಕೀಲಿ ಕೊಡು.”

“ಅವ್ವ, ಎಲ್ರೂ ನಗ್ತಾ ಅವ್ರೆ. ಮೆತ್ತಗೆ ಮಾತಾಡು.”

“ಯಾಕೆ ಮೆತ್ತಗೆ? ನಿಮ್ಮಪ್ಪ ವರ್ಷಕ್ಕೆ ಮೂರು ತಿಂಗಳು ಕುರಿ ಹಿಂದೆ ಹೋಗಿ ಯಾರ್‍ಯಾರ ಗದ್ದೆಯಾಗೋ ಮಲಗ್ತಾನೆ. ಅವನಿಗೆ ಯಾವತ್ತಾದ್ರೂ ಸರಪಳಿ ಹಾಕಿದ್ಯೇನಲೇ? ಅವನನ್ನ ನೋಡಿ ಯಾರಾದ್ರೂ ನಕ್ಕರಾ?”

ಯಾರೂ ನಗಲಿಲ್ಲ. ರವೀಂದ್ರ ತಲೆ ತಗ್ಗಿಸಿದ. ಸಿಟ್ಟಿನ ಕೆಳಗಿದ್ದ ಹೆದರಿಕೆ ಈಗ ಹೊರಬಂತು. “ಲಾರಿ ಬಸ್ಸು ಓಡಾಡೋ ರೋಡವ್ವ ಅದು. ಎಲ್ಲಾದ್ರೂ ಬಿದ್ರೆ ಏನು ಗತಿ? ಅಲ್ಲಿ ನಿನ್ನ ನೋಡ್ಕಳೋರು ಯಾರು? ಊಟಕ್ಕೇನು ಮಾಡ್ತೀಯ?”

ಅದನ್ನು ಕೇಳಿ ಬರಗೇರಮ್ಮನ ದನಿ ಸ್ವಲ್ಪ ಇಳಿಯಿತು. ಮಾತು ಇಳಿಯಲಿಲ್ಲ.

“ಬಿದ್ರೆ ಏಳ್ತೀನಿ. ಸೈಕಲ್ ಕಲಿಯಾವಾಗ ಎಷ್ಟು ಸಲ ಬಿದ್ದೀನಿ, ನೀನೇ ನೋಡಿದೀಯ. ಊಟಕ್ಕೆ ಎಂಟೂರಲ್ಲಿ ಎಂಟು ಮನೆ ಅವೆ. ಇಪ್ಪತ್ತೆರಡು ವರ್ಷ ನಿಂತ್ಕಂಡು ಬಡಿಸಿದೀನಿ ರವಿ. ಒಂದು ಎಂಟು ದಿನ ಕುಂತ್ಕಂಡು ಉಣ್ತೀನಿ. ಅದಕ್ಕೂ ನಿನ್ನ ಪರ್ಮಿಷನ್ ಬೇಕಾ?”

ರವೀಂದ್ರ ಕಿಸೆಗೆ ಕೈ ಹಾಕಿ ಕೀಲಿ ತೆಗೆದು ತಾಯಿಯ ಕೈಗಿಟ್ಟ. ಆ ಬೆರಳುಗಳು ಚಳಿಗೆ ಸೆಟೆದುಕೊಂಡಿದ್ದು ಅವನಿಗೆ ಆಗಲೇ ಮೊದಲು ತಿಳಿದದ್ದು. ಆಕೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

“ಅಮಾಸೆ ಕಳೆದ ಸೋಮವಾರ ಹೊರಡ್ತೀನಿ. ಕಳಿಸಾಕೆ ಬರಾದಾದ್ರೆ ಬಾ. ತಡೆಯಾಕೆ ಬರಬ್ಯಾಡ.”