ಕಣ್ಣಿಗೊತ್ತಿಕೊಂಡ ಬಂದೂಕು

ಏರ್‌ಸಾಫ್ಟ್ ಎಂಬ ಆಟದ ಮರ್ಯಾದೆಯೆಲ್ಲ ನಿಂತಿರುವುದು ಒಂದೇ ನಿಯಮದ ಮೇಲೆ. ಗುಂಡು ತಗುಲಿದವನು ತಾನಾಗಿ ಕೈ ಎತ್ತಿ ‘ಹಿಟ್’ ಎಂದು ಕೂಗಿ ಆಟದಿಂದ ಹೊರಗೆ ನಡೆಯಬೇಕು. ಗುಂಡೆಂದರೆ ಕಾಳುಮೆಣಸಿಗಿಂತ ಚೂರು ದಪ್ಪಗಿರುವ ಪ್ಲಾಸ್ಟಿಕ್ ಮಣಿ. ಬ್ಯಾಟರಿಯಿಂದ ಓಡುವ ಬಂದೂಕಿನಿಂದ ಹಾರಿ ಬಂದು ಜಾಕೆಟ್ಟಿಗೆ ಟಪ್ಪೆಂದು ಬಡಿದು ತರಗೆಲೆಗಳಲ್ಲಿ ಬಿದ್ದು ಕಾಣೆಯಾಗುತ್ತದೆ. ಬಣ್ಣ ಅಂಟುವುದಿಲ್ಲ, ಬಟ್ಟೆಯ ಮೇಲೆ ಗುರುತು ಉಳಿಯುವುದಿಲ್ಲ. ತಗುಲಿತೋ ಇಲ್ಲವೋ ಎಂಬುದಕ್ಕೆ ತಗುಲಿಸಿಕೊಂಡವನೇ ಸಾಕ್ಷಿ. ಮನುಷ್ಯರ ಮೇಲೆ ಇಷ್ಟೊಂದು ನಂಬಿಕೆಯಿಟ್ಟು ಆಟ ಕಟ್ಟಿದವನು ಯಾರೋ, ಅವನನ್ನು ಒಮ್ಮೆ ಕಂಡು ಜಗಳವಾಡಬೇಕು ಅನ್ನಿಸುತ್ತದೆ.

ಆಗ ನಾನು ಕೊವೆಂಟ್ರಿಯಲ್ಲಿ ಕಾರಿನ ಬಿಡಿಭಾಗಗಳನ್ನು ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಪಕ್ಕದ ಮೇಜಿನ ಇಂಗ್ಲಿಷ್ ಸಹೋದ್ಯೋಗಿಯೊಬ್ಬ ಒಂದು ಭಾನುವಾರ ಬರ್ಮಿಂಗ್‌ಹ್ಯಾಮ್ ಆಚೆಯ ಕಾಡಿಗೆ ನನ್ನನ್ನು ಎಳೆದುಕೊಂಡು ಹೋದ. ಆವತ್ತೇ ಚಟ ಹತ್ತಿತು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿದವನಿಗೆ ಕೆಸರಲ್ಲಿ ತೆವಳುವುದೇ ದೊಡ್ಡ ಸುಖವಾಯಿತು. ಆದರೆ ಸಂಜೆ ಮನೆಗೆ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಮರದ ಹಿಂದೆ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತು, ಎದುರು ಬಂದವನ ಎದೆಗೆ ಸರಿಯಾಗಿ ಹೊಡೆದರೆ ಆತ ಏನೂ ಆಗದವನ ಹಾಗೆ ಮುಂದೆ ನಡೆಯುತ್ತಿದ್ದ. ಕೂಗಿ ಕೇಳಿದರೆ, ‘ಇಲ್ಲಪ್ಪ, ಎಲೆಗೆ ಬಡಿದಿರಬೇಕು’ ಅನ್ನುವ ಉತ್ತರ. ಅವರ ಪೈಕಿ ಶಾಲೆಯ ಮೇಷ್ಟರಿದ್ದರು, ಬ್ಯಾಂಕಿನವರಿದ್ದರು. ಗುಂಡು ಬಡಿದರೂ ಜಗ್ಗದ ಅವರಿಗೆ ನಾನು ಬಂಡೆಗಳು ಎಂದು ಹೆಸರಿಟ್ಟಿದ್ದೆ.

ಇನ್ನು ಸಲಕರಣೆಗಳ ಗೋಳು ಬೇರೆ. ಕನ್ನಡಕದ ಮೇಲೆ ರಕ್ಷಣೆಯ ಕನ್ನಡಕ ಹಾಕಿಕೊಂಡರೆ, ಆ ಊರಿನ ತೇವಕ್ಕೆ ಎರಡೂ ಮಂಜುಗಟ್ಟಿ ಮುಂದಿರುವುದು ಮರವೋ ಮನುಷ್ಯನೋ ತಿಳಿಯುತ್ತಿರಲಿಲ್ಲ. ಜಾಲರಿಯದು ಹಾಕಿಕೊಂಡರೆ ಮಂಜು ಕಟ್ಟುವುದಿಲ್ಲ, ಆದರೆ ಒಡೆದ ಮಣಿಯ ಚೂರು ಒಳಗೆ ನುಗ್ಗಬಹುದು. ಪ್ರತಿ ಭಾನುವಾರ ಆಟಕ್ಕೆ ಮುಂಚೆ ಹಲ್ಲು ಹೋದರೂ ಕಣ್ಣು ಹೋದರೂ ಅಪಾಯ ತಿಳಿದೇ ಬಂದಿದ್ದೇನೆಂದು ಸಹಿ ಹಾಕಬೇಕಿತ್ತು. ಆ ಕಾಡನ್ನು ಆಟದ ಮೈದಾನವಾಗಿ ನಡೆಸುತ್ತಿದ್ದವರಿಗೆ ವಿಮೆಯಿತ್ತು, ಅದು ಮೈದಾನದ ಬೇಲಿಯವರೆಗೆ.

ಅಷ್ಟರಲ್ಲಿ ಹೊಸ ಕಾನೂನು ಬಂತು. ನಿಜದ್ದರಂತೆ ಕಾಣುವ ಬಂದೂಕನ್ನು ಅಂಗಡಿಯವರು ಕಂಡಕಂಡವರಿಗೆ ಮಾರುವಂತಿಲ್ಲ. ಮೈದಾನವೊಂದರಲ್ಲಿ ಕೆಲವು ತಿಂಗಳು ಆಡಿ ಸದಸ್ಯನಾದವನಿಗೆ ಮಾತ್ರ ಕಪ್ಪು ಬಂದೂಕು, ಉಳಿದವರಿಗೆ ಕಣ್ಣು ಕುಕ್ಕುವ ನೀಲಿ ಅಥವಾ ಹಸಿರು. ನನ್ನ ಹೆಂಡತಿ ಅಂಗಡಿಯಲ್ಲಿ ನೀಲಿಯದನ್ನು ಎತ್ತಿ ನೋಡಿ, “ಇದನ್ನೇ ತಗೊಳ್ರೀ, ಹಗುರವಾಗೂ ಇದೆ” ಅಂದಳು. ಮಕ್ಕಳ ನೀರಿನ ಪಿಸ್ತೂಲಿನ ಹಾಗಿತ್ತು ಅದು. ನಾನು ಆಗಲೇ ಸದಸ್ಯನಾಗಿದ್ದೆ. ಲೋಹದ ಮೈಯ ಕಪ್ಪು ರೈಫಲ್ಲನ್ನೇ ಕೊಂಡೆ. ಮೈದಾನದ ಹಿರಿಯ ಮೇಲ್ವಿಚಾರಕ ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದ್ದ: ಬೇಲಿಯಾಚೆ ಅದು ಚೀಲದಿಂದ ಹೊರಗೆ ಬರಕೂಡದು. ಅದರ ಪ್ರಕಾರ ಅದು ಕಾರಿನ ಡಿಕ್ಕಿಯಲ್ಲಿ ಉದ್ದದ ಚೀಲದೊಳಗೆ ಮಲಗಿರುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಅಪ್ಪ ಇದ್ದಾಗ ಸಶಸ್ತ್ರ ಮೀಸಲು ಪೊಲೀಸ್ ಪಡೆಯಲ್ಲಿದ್ದರು. ಅಮ್ಮನ ಸಂಸಾರವೆಲ್ಲ ಪೊಲೀಸ್ ವಸತಿಗೃಹದಲ್ಲೇ ಕಳೆದದ್ದು. ಖಾಕಿ ಕಂಡರೆ ಊರಿನವರು ದಾರಿ ಬದಲಿಸುತ್ತಾರೆ, ಅಮ್ಮ ಮಾತ್ರ ಊಟವಾಯಿತೇ ಎಂದು ಕೇಳುತ್ತಾಳೆ. ಕೊವೆಂಟ್ರಿಯಲ್ಲೂ ಬಸ್‌ಸ್ಟಾಪಿನ ಹತ್ತಿರ ಪೊಲೀಸಿನವನನ್ನು ಕಂಡರೆ ನೆಂಟರನ್ನು ಕಂಡವಳಂತೆ ತಲೆಯಾಡಿಸುತ್ತಿದ್ದಳು.

ಅವಳ ಇನ್ನೊಂದು ಅಭ್ಯಾಸ ನಮಗೆ ದಿನನಿತ್ಯದ ತಮಾಷೆಯಾಗಿತ್ತು. ಆ ದೇಶದಲ್ಲಿ ಅಂಚೆಯವನು ಬಾಗಿಲಿನ ಸೀಳಿನಿಂದ ಪತ್ರಗಳನ್ನು ಒಳಗೆ ತಳ್ಳುತ್ತಾನೆ, ಅವು ಕಾಲೊರಸಿನ ಮೇಲೆ ಬಿದ್ದಿರುತ್ತವೆ. ಬೆಳಿಗ್ಗೆ ಮೆಟ್ಟಿಲಿಳಿದು ಬರುವ ಅಮ್ಮನ ಕಾಲು ಅವಕ್ಕೆ ತಾಕುತ್ತಿತ್ತು. ಕಾಗದವೆಂದರೆ ಸರಸ್ವತಿ. ತಟ್ಟನೆ ಬಗ್ಗಿ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಕೌನ್ಸಿಲ್ ಟ್ಯಾಕ್ಸಿನ ಬಿಲ್ಲಿಗೂ ಪಿಜ್ಜಾ ಅಂಗಡಿಯ ಕರಪತ್ರಕ್ಕೂ ಅದೇ ಗೌರವ.

“ಅಮ್ಮಾ, ಅದು ಬರೀ ಪಿಜ್ಜಾದ್ದು,” ಅಂದರೆ, “ಅಕ್ಷರ ಇದೆಯಲ್ಲೋ,” ಅನ್ನುತ್ತಿದ್ದಳು.

ಭಾನುವಾರ ಸಂಜೆ ನಾನು ಬಂಡೆಗಳ ಮೇಲೆ ಕೂಗಾಡುತ್ತಾ ಬೂಟು ಬಿಚ್ಚುವಾಗ ಅಮ್ಮ ಕಾಫಿ ತಂದುಕೊಟ್ಟು ನಗುತ್ತಿದ್ದಳು. “ತಗುಲಿದ್ರೆ ತಗುಲ್ತು ಅನ್ನೋಕೆ ಏನಪ್ಪಾ ಕಷ್ಟ ಅವರಿಗೆ? ನಾಲಿಗೆ ಸವೆದು ಹೋಗುತ್ತಾ?”

ನವರಾತ್ರಿ ಬಂತು. ಆಯುಧಪೂಜೆಯ ದಿನ ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅವಳು ಕೆಲಸ ಮಾಡುವ ಡಾಕ್ಟರ ಕ್ಲಿನಿಕ್ಕಿನ ಪಾಳಿಯಲ್ಲಿ ರಜೆ ಸಿಗಲಿಲ್ಲ. ನಾನು ಅರ್ಧ ದಿನ ರಜೆ ಹಾಕಿ ಮನೆಯ ಮುಂದಿನ ಡ್ರೈವ್‌ನಲ್ಲಿ, ಅಂದರೆ ಕಾರು ನಿಲ್ಲಿಸುವ ಜಾಗದಲ್ಲಿ, ಕಾರು ತೊಳೆದೆ. ಅಮ್ಮ ಮನೆಯ ಹೊಲಿಗೆ ಯಂತ್ರ, ಚಾಕು, ಇಕ್ಕಳ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮವಿಟ್ಟು ಹೊರಗೆ ಬಂದಳು. ಬೂದುಗುಂಬಳ ಸಿಕ್ಕಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ಸೂಪರ್‌ಮಾರ್ಕೆಟ್ಟುಗಳ ತುಂಬ ಹ್ಯಾಲೋವೀನ್ ಹಬ್ಬದ ಕಿತ್ತಳೆ ಕುಂಬಳಕಾಯಿ ರಾಶಿ ಬಿದ್ದಿರುತ್ತದಲ್ಲ, ಅದನ್ನೇ ತಂದಿದ್ದೆವು. ಒಳಗೆ ಕುಂಕುಮ ತುಂಬಿ ನೆಲಕ್ಕೆ ಅಪ್ಪಳಿಸಿದೆ. ಕೆಂಪು ರಸ ಟಾರಿನ ಮೇಲೆಲ್ಲ ಚೆಲ್ಲಿತು. ಮುಂದಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು.

ಅರಿಸಿನದ ನೀರು ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಡಿಕ್ಕಿ ತೆಗೆದು ರೈಫಲ್ಲನ್ನು ಹೊರಗೆ ತೆಗೆದಿದ್ದಳು. ಕಾರಿನ ಮುಂದೆ ಮಣೆಯ ಮೇಲೆ ಮಲಗಿಸಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿದ್ದಳು.

“ಅಮ್ಮಾ, ಇದನ್ಯಾಕೆ ಈಚೆ ತೆಗೆದೆ? ಒಳಗೆ ತಗೊಂಡ್ಹೋಗು.”

“ನೀನೊಳ್ಳೆ! ಆಯುಧಪೂಜೆ ದಿನ ಇಕ್ಕಳಕ್ಕೆ ಪೂಜೆ ಮಾಡಿ ಬಂದೂಕನ್ನ ಬಿಟ್ಬಿಡೋಕಾಗತ್ತೇನೋ? ನಿಮ್ಮಪ್ಪ ಇದ್ದಾಗ ಇವತ್ತು ಪಡೆಯ ರೈಫಲ್‌ಗಳನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡ್ತಿದ್ರು. ಮಂಗಳಾರತಿ ಆಗ್ಲಿ, ಒಂದು ಕ್ಷಣ.”

ಅಪ್ಪನ ಹೆಸರೆತ್ತಿದ ಮೇಲೆ ನಾನೇ ಕರ್ಪೂರ ಹಚ್ಚಿಕೊಟ್ಟೆ. ಮಂಗಳಾರತಿ ಆಯಿತು. ಅಷ್ಟು ಹೊತ್ತಿಗೆ ಒಳಗೆ ಫೋನ್ ಬಡಿದುಕೊಂಡಿತು. ಆಫೀಸಿನವರು. “ಬಂದೆ, ನೀನು ಎಲ್ಲ ಒಳಗೆ ತಗೊ,” ಎಂದು ಓಡಿದೆ.

ಎದುರು ಮನೆಯ ಮುದುಕಿ ಕಿಟಕಿಯಿಂದ ನೋಡಿ ಪೊಲೀಸರಿಗೆ ಫೋನ್ ಮಾಡಿದ್ದು ಆಮೇಲೆ ತಿಳಿಯಿತು. ಅವಳು ಕಂಡದ್ದು ನೆಲದ ಮೇಲೆ ಕೆಂಪು, ಅದರ ಪಕ್ಕದಲ್ಲಿ ಬಂದೂಕು. ಕಂಡದ್ದನ್ನೇ ಹೇಳಿದಳು. ಅಮ್ಮನಾದರೋ ನನಗಾಗಿ ಕಾಯುತ್ತಾ, ಪ್ರಸಾದದ ಕಡಲೆಪುರಿಯನ್ನು ತಟ್ಟೆಗೆ ಸುರಿಯುತ್ತಾ, ನಿಧಾನವಾಗಿ ಹೊರಗೇ ಉಳಿದುಬಿಟ್ಟಳು.

ಗಂಡಸರ ಕೂಗು ಕೇಳಿ ಫೋನ್ ಬಿಸುಟು ಬಾಗಿಲಿಗೆ ಬಂದೆ. ರಸ್ತೆಯಲ್ಲಿ ಪೊಲೀಸ್ ಕಾರು ಅಡ್ಡ ನಿಂತಿತ್ತು. ಅದರ ಹಿಂದಿನಿಂದ ಕಪ್ಪು ಬಟ್ಟೆಯ ಪೊಲೀಸರು ನಿಜವಾದ ಬಂದೂಕುಗಳನ್ನು ಅಮ್ಮನತ್ತ ಹಿಡಿದಿದ್ದರು. ದೂರ ಸರಿ, ಕೈ ತೋರಿಸು ಎಂದು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದರು. ಅಮ್ಮನಿಗೆ ಆ ಇಂಗ್ಲಿಷ್ ಬರುವುದಿಲ್ಲ. ಪೊಲೀಸರು ಬಂದಿದ್ದಾರೆ, ದಾರಿ ಬಿಡಬೇಕು ಎಂದಷ್ಟೇ ಅರ್ಥವಾಗಿರಬೇಕು. ತಟ್ಟೆ ಹಿಡಿದು ಗಾಬರಿಯಿಂದ ಹಿಂದೆ ಸರಿದಳು. ಸರಿಯುವಾಗ ಅವಳ ಹಿಮ್ಮಡಿ ಮಣೆಗೆ ಬಡಿದು ರೈಫಲ್ಲು ನೆಲಕ್ಕುರುಳಿತು. ಅವಳ ಪಾದ ಅದರ ಮೇಲೆ ಬಿತ್ತು.

ಕಾಲು ತಾಕಿತು. ಈಗಷ್ಟೇ ಪೂಜೆಯಾದ ವಸ್ತುವಿಗೆ ಕಾಲು ತಾಕಿತು. ಮುಂದೆ ಏನಾಗುತ್ತದೆಂದು ಆ ರಸ್ತೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

“ಅಮ್ಮಾ, ಬೇಡ! ಬಿಟ್ಬಿಡು!” ಎಂದು ಚೀರಿದೆ.

ಅಮ್ಮ ತಟ್ಟೆ ಕೆಳಗಿಟ್ಟು, ಎರಡೂ ಕೈಯಿಂದ ರೈಫಲ್ಲನ್ನು ಎತ್ತಿ, ಕಣ್ಣಿಗೊತ್ತಿಕೊಳ್ಳಲು ಮುಖದ ಮಟ್ಟಕ್ಕೆ ತಂದಳು.

“ಡ್ರಾಪ್ ಇಟ್! ಡ್ರಾಪ್ ಇಟ್!”

“ಅಮ್ಮಾ, ಎಸಿ ಅದನ್ನ!”

“ಪೂಜೆ ಆಗಿದೆ ಕಣೋ, ಎಸೀಬಾರ್ದು,” ಅಂದಳು, ನನ್ನನ್ನೇ ಗದರುವ ದನಿಯಲ್ಲಿ. ಒಂದು ಕಣ್ಣಿಗೆ ಒತ್ತಿಕೊಂಡಳು. ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು.

ಆಟಿಕೆ, ಆಟಿಕೆ ಎಂದು ನಾನು ಇಂಗ್ಲಿಷಿನಲ್ಲಿ ಅರಚಿದೆ. ನನ್ನ ಕಡೆಗೂ ಒಂದು ಬಂದೂಕು ತಿರುಗಿತು, ನೆಲದ ಮೇಲೆ ಬೋರಲು ಮಲಗು ಎಂದರು. ಮಲಗಿದೆ. ಕುಂಬಳಕಾಯಿಯ ತಿರುಳು ಕೆನ್ನೆಗೆ ಅಂಟಿತು. ಗುಂಡಿನ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಜೀವಮಾನದಲ್ಲಿ ಅಷ್ಟು ಹೆದರಿಲ್ಲ. ಮಗ ಕುಸಿದುಬಿದ್ದ ಎಂದುಕೊಂಡ ಅಮ್ಮ ರೈಫಲ್ಲನ್ನು ಜೋಪಾನವಾಗಿ ಮಣೆಯ ಮೇಲಿಟ್ಟು, “ಏನಾಯ್ತೋ ಕಂದಾ?” ಎನ್ನುತ್ತಾ ನನ್ನತ್ತ ಓಡಿಬಂದಳು. ದಾರಿಯಲ್ಲೇ ಅವಳನ್ನು ಹಿಡಿದು ಕೆಡವಿದರು. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು.

ಗುಂಡು ಹಾರಲಿಲ್ಲ. ಅಷ್ಟು ಮಟ್ಟಿಗೆ ಪುಣ್ಯ ಎಂದು ಆಮೇಲೆ ಬಂದವರೆಲ್ಲ ಹೇಳಿದರು. ಅವರ ಸಮಾಧಾನ ಕೇಳಿ ಕೇಳಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ರೈಫಲ್ಲು ಆಟಿಕೆಯೆಂದು ಪೊಲೀಸರಿಗೆ ಖಚಿತವಾದ ಮೇಲೆ ಅಮ್ಮನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದು ಕೈಗೆ ಪ್ಲಾಸ್ಟರ್ ಹಾಕಿಸಿದೆವು. ಕಾರಿನಡಿಯ ನಿಂಬೆಹಣ್ಣುಗಳು ಹಾಗೇ ಉಳಿದಿದ್ದವು, ಮಾರನೆಯ ದಿನ ಸೊಲಿಸಿಟರ್ ಅನ್ನುವ ವಕೀಲನ ಬಳಿ ಹೋಗಲು ಕಾರು ತೆಗೆದಾಗ ಪಚ್ಚೆಂದವು.

ಹೊಣೆ ಯಾರದು ಎಂದು ಕೇಳಲು ನಾನು ತಿರುಗದ ಕಡೆಯಿಲ್ಲ. ನಿಯಮದಂತೆಯೇ ನಡೆದುಕೊಂಡಿದ್ದೇವೆ, ದೂರದಿಂದ ಅಸಲಿ ಯಾವುದು ನಕಲಿ ಯಾವುದು ತಿಳಿಯುವುದಿಲ್ಲ ಅಂದರು ಪೊಲೀಸರು. ಸದಸ್ಯನಿಗೆ ಮಾರಿದ್ದೇನೆ, ನನ್ನ ವ್ಯಾಪಾರ ಕಾನೂನುಬದ್ಧ ಅಂದ ಅಂಗಡಿಯವನು. ನಮ್ಮ ವಿಮೆ ಬೇಲಿಯೊಳಗೆ ಮಾತ್ರ ಅಂದರು ಮೈದಾನದವರು. ಎದುರು ಮನೆಯ ಮುದುಕಿ ಕೇಕು ತಂದುಕೊಟ್ಟು, ನಾನು ನಿಮ್ಮ ಒಳ್ಳೆಯದಕ್ಕೇ ಫೋನ್ ಮಾಡಿದೆ ಅಂದಳು. ಸೊಲಿಸಿಟರ್ ಕುರ್ಚಿಗೆ ಬೆನ್ನೊರಗಿಸಿ ಕೂತು, ಸಾರ್ವಜನಿಕ ಸ್ಥಳದಲ್ಲಿ ನಕಲಿ ಬಂದೂಕು ಹೊರತೆಗೆಯುವುದು ಅಪರಾಧ, ಆದರೆ ಮನೆಯ ಡ್ರೈವ್ ಸಾರ್ವಜನಿಕ ಸ್ಥಳ ಹೌದೋ ಅಲ್ಲವೋ ಎಂಬುದು ಬಹಳ ಸ್ವಾರಸ್ಯಕರ ಪ್ರಶ್ನೆ ಅಂದ. ಅವನ ಸ್ವಾರಸ್ಯಕ್ಕೆ ಬೆಂಕಿ ಬೀಳಲಿ. ಒಬ್ಬೊಬ್ಬರೂ ಹೇಳಿದ್ದು ಸರಿಯೇ ಇತ್ತು. ಒಬ್ಬರೂ ಕೈ ಎತ್ತಲಿಲ್ಲ.

ಇದನ್ನೆಲ್ಲ ನಾನು ಅಡುಗೆಮನೆಯಲ್ಲಿ ಕೂಗಾಡುತ್ತಿದ್ದಾಗ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. “ಅಂಗಡೀಲಿ ನೀಲಿದು ತಗೊಳ್ಳಿ ಅಂದಿದ್ದೆ. ಎಲ್ರನ್ನೂ ಬಂಡೆ ಬಂಡೆ ಅಂತೀರಲ್ಲ, ಒಂದ್ಸಲ ನೀವೂ ಕೈ ಎತ್ರೀ.”

ನಾನು ಉತ್ತರ ಕೊಡುವ ಮೊದಲೇ ಅಮ್ಮ ಒಳಗಿನಿಂದ, “ಅವನ್ನ ಏನೂ ಅನ್ಬೇಡ್ವೇ. ತಪ್ಪು ನಂದು. ಹೊರಗೆ ತೆಗೆದವಳು ನಾನು ತಾನೇ?” ಅಂದಳು. ನೋಡಲು ಬಂದ ಕನ್ನಡದವರಿಗೂ ಅದನ್ನೇ ಹೇಳುತ್ತಿದ್ದಳು. ಮಂಗಳೂರು ಕಡೆಯವರು, ಧಾರವಾಡದವರು, ಯಾರು ಬಂದರೂ ಪ್ಲಾಸ್ಟರ್ ಹಾಕಿದ ಕೈಯನ್ನು ಸ್ವಲ್ಪ ಎತ್ತಿ, “ಪೊಲೀಸ್ನೋರನ್ನ ಬೈಬೇಡಿ, ಅವರ ಕೆಲಸ ಅವರು ಮಾಡಿದ್ರು. ನಂದೇ ತಪ್ಪು,” ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಅಮ್ಮ ಹೊರಡುವ ವಾರ, ಒಂದು ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದೆ. ಅಮ್ಮ ನನ್ನನ್ನು ದಾಟಿ ಕೆಳಗಿಳಿದಳು. ಬಾಗಿಲಿನ ಸೀಳು ಟಕ್ಕೆಂದಿತು, ಪತ್ರಗಳು ಬಿದ್ದವು, ಅಮ್ಮನ ಕಾಲು ತಾಕಿತು. ಎಂದಿನಂತೆ ಬಗ್ಗಿ, ಸರಿಯಿದ್ದ ಕೈಯಿಂದ ಒಂದು ಕಾಗದವನ್ನು ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಬಾಗಿಲಿನ ಮಂಕು ಗಾಜಿನಾಚೆ ಕಪ್ಪು ಕೋಟಿನ ಆಕಾರವೊಂದು ಇನ್ನೂ ನಿಂತಿತ್ತು. ಅಮ್ಮ ಅದನ್ನೇ ನೋಡುತ್ತಾ ಮೆಲ್ಲಗೆ ಬಗ್ಗಿ ಕಾಗದವನ್ನು ನೆಲದ ಮೇಲಿಟ್ಟಳು. ಆಮೇಲೆ ಎರಡೂ ಕೈ ಮೇಲೆತ್ತಿದಳು, ಪ್ಲಾಸ್ಟರಿನದು ಅರ್ಧಕ್ಕೇ ನಿಂತಿತು. ಅಂಗೈಗಳನ್ನು ಬಾಗಿಲಿಗೆ ತೋರಿಸುತ್ತಾ ಹಾಗೇ ನಿಂತಳು.

ಅಂಚೆಯವನು ಪಕ್ಕದ ಮನೆಗೆ ಹೋದ. ನಾನು ಇಳಿದು ಬಂದು ಅಮ್ಮನ ಕೈಗಳನ್ನು ಹಿಡಿದು ಕೆಳಗಿಳಿಸಬೇಕಾಯಿತು.