ಗುರಪ್ಪನವರ ಬಿಸಿನೀರಿನ ಕೊಳವೆ

೧೯೭೮ನೆಯ ಇಸವಿ, ನನಗೆ ಆಗ ಮೂವತ್ತೊಂದು ವರ್ಷ. ಬಾಗಲಕೋಟೆಯ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತ, ಗುರಪ್ಪನವರ ಮನೆಯ ಮುಂಭಾಗದಲ್ಲಿ ಬಾಡಿಗೆಗೆ ಇದ್ದೆ. ಬಿಸಿಯಾದ ವಸ್ತುವನ್ನು ಅವರು ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ, ಕೆನ್ನೆ ಹಚ್ಚಿ ನೋಡುತ್ತಿದ್ದರು. ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿ ಆಯುಷ್ಯ ಕಳೆದ ಅವರ ಅಂಗೈಗಳು ಸುಟ್ಟು ಸುಟ್ಟು ಮರಗಟ್ಟಿದ್ದವು. ನಿವೃತ್ತರಾದ ಮೇಲೂ ಎಡಗೆನ್ನೆಯಲ್ಲಿ ಒಂದಿಷ್ಟು ಮಸಿ ಇದ್ದೇ ಇರುತ್ತಿತ್ತು.

ಸುಳ್ಳು ಕಾರಣ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ಓಣಿಯ ಹಿಟ್ಟಿನ ಗಿರಣಿ ನಿಂತಾಗ ಅದರ ಮಾಲೀಕ ಚನ್ನಪ್ಪ, ದೃಷ್ಟಿಯಾಯಿತೆಂದು ಇಂಜಿನ್ನಿಗೆ ಲಿಂಬೆಹಣ್ಣು ಕಟ್ಟಿದ್ದ. ಗುರಪ್ಪನವರು ಡೀಸೆಲ್ ಕೊಳವೆಯ ಕಸ ತೆಗೆದು ಇಂಜಿನ್ ಓಡಿಸಿದರು. ಆದರೆ ಅಲ್ಲಿಂದ ಏಳಲಿಲ್ಲ.

"ಯಾಕ ನಿಂತಿತ್ತು, ಹೇಳು."

"ದೃಷ್ಟಿ ಆಗಿತ್ತ್ರಿ ಕಾಕಾ."

"ಹಂಗಾರ ಮತ್ತ ಬಂದ್ ಮಾಡ್ಲೇನು? ಕಸಾ ಸಿಕ್ಕಿತ್ತು ಅನ್ನಲೇ. ಮಂದಿಗೆ ಕೇಳೂ ಹಂಗ ಅನ್ನು."

ಚನ್ನಪ್ಪ ಹಾಗೆಯೇ ಅಂದ. ಜೋಳದ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು.

ಇಂಥವರ ಸ್ವಂತ ಮನೆಯಲ್ಲಿ ಮಾತ್ರ ಒಂದು ಕಾರಣ ತಿದ್ದುಪಡಿಯಿಲ್ಲದೆ ಉಳಿದಿತ್ತು. ಕೆಲವು ವರ್ಷಗಳ ಹಿಂದೆ ಹಿರಿಯ ಮಗಳು ಗೌರವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾಣಂತಿಗೆ ಥಂಡಿ ತಗುಲಬಾರದೆಂದು ತಾಯಿ ನೀಲವ್ವನವರು ಬೆಳಕಿಂಡಿಗೆ ಅರಿವೆ ತುರುಕಿ, ಹೊರಸಿನ ಕೆಳಗೆ ಇದ್ದಿಲಿನ ಕೆಂಡ ತುಂಬಿದ ಶೆಗಡಿ ಇಟ್ಟು ಕೋಣೆಯ ಬಾಗಿಲು ಮುಚ್ಚಿದ್ದರು. ಅದು ನಮ್ಮ ಕಡೆಯ ಪದ್ಧತಿ. ಬೆಳಿಗ್ಗೆ ಗೌರವ್ವನೂ ಏಳಲಿಲ್ಲ, ಕೂಸೂ ಏಳಲಿಲ್ಲ. "ಶೆಗಡಿ ಆರಿತ್ತು, ಥಂಡಿ ಒಯ್ತು," ಎಂದರು ನೀಲವ್ವನವರು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಮಲಗಿದವರನ್ನು ಹೇಗೆ ಕೊಲ್ಲುತ್ತದೆಂಬುದನ್ನು ಗುರಪ್ಪನವರು ಶೆಡ್ಡಿನಲ್ಲಿ ಕಣ್ಣಾರೆ ಕಂಡಿದ್ದರು. ಆದರೂ ಹೆಂಡತಿಯ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

೧೯೭೮ರ ಚಳಿಗಾಲಕ್ಕೆ ಕಿರಿಯ ಮಗಳು ಶಾಂತವ್ವ ಚೊಚ್ಚಲ ಹೆರಿಗೆಗೆ ಬಂದಳು. ಗುರಪ್ಪನವರು ಹಿತ್ತಲಲ್ಲಿ ತಾಮ್ರದ ಬಂಬ ಹೂಡಿ, ಅದರಲ್ಲಿ ಕಾದ ನೀರು ಬಾಣಂತಿಯ ಕೋಣೆಯನ್ನು ಸುತ್ತಿ ಮತ್ತೆ ಬಂಬಕ್ಕೆ ಮರಳುವಂತೆ ಕಬ್ಬಿಣದ ಕೊಳವೆ ಎಳೆದರು. ಬೆಂಕಿ ಹೊರಗೆ, ಬಿಸಿ ಒಳಗೆ. ಹೊಸ್ತಿಲಿಗೆ ಕಬ್ಬಿಣ ಅಡ್ಡವಾಗಬಾರದೆಂದು ನೀಲವ್ವನವರು ಹಟ ಹಿಡಿದದ್ದರಿಂದ ಕೊಳವೆಯನ್ನು ಬಾಗಿಲ ಚೌಕಟ್ಟಿನ ಮೇಲಿಂದ ದಾಟಿಸಬೇಕಾಯಿತು.

ಬಾಗಿಲ ಈಚೆಗೆ ಕೊಳವೆ ಸುಡುತ್ತಿತ್ತು, ಆಚೆಗೆ ತಣ್ಣಗಿತ್ತು. ಗುರಪ್ಪನವರು ಕೀಲುಗಳನ್ನು ಬಿಚ್ಚಿದರು, ತಂತಿ ಹಾಯಿಸಿ ನೋಡಿದರು, ಉರಿ ಹೆಚ್ಚಿಸಿದರು. ಬಂಬ ಕೊತಕೊತ ಕುದಿಯಿತೇ ಹೊರತು ಕೋಣೆ ಬೆಚ್ಚಗಾಗಲಿಲ್ಲ.

"ನಿಮ್ಮ ಗಾಡಿ ಬಾಗಲದಾಗ ನಿಂತೈತಿ. ಸಿಗ್ನಲ್ ಬಿದ್ದಿಲ್ಲೇನ್ರಿ?" ಎಂದು ನೀಲವ್ವನವರು ಚುಚ್ಚಿದರು. ಕೊಳವೆ ಬಿಸಿಯಾಗದಿರಲೆಂದೇ ಆ ತಾಯಿ ಹಾರೈಸುತ್ತಿದ್ದರೆಂದು ನನಗೆ ಅನ್ನಿಸಿತು. ಶೆಗಡಿಯಿಲ್ಲದೆ ಬಾಣಂತನ ನಡೆದುಹೋದರೆ, ಸತ್ತ ಮಗಳ ವಿಷಯದಲ್ಲಿ ಅವರು ಕಟ್ಟಿಕೊಂಡಿದ್ದ ಸಮಾಧಾನ ಕುಸಿಯುತ್ತಿತ್ತು.

ಹೆರಿಗೆಯಾದ ಮುಂಜಾನೆ ಕೊರೆಯುವ ಚಳಿಯಿತ್ತು. ನೀಲವ್ವನವರು ಕೆಂಡ ತುಂಬಿದ ಶೆಗಡಿಯನ್ನು ಎತ್ತಿಕೊಂಡು ಬಂದರು. ಗುರಪ್ಪನವರು ಬಾಗಿಲಿಗೆ ಅಡ್ಡ ನಿಂತರು.

"ದಾರಿ ಬಿಡ್ರಿ. ಕೂಸಿನ ಅಂಗಾಲು ಮಂಜಗಡ್ಡಿ ಆಗ್ಯಾವು."

"ಕೂಸಿನ್ನ ಆಕೀ ಎದಿಗೆ ಹಚ್ಚಿ ಕೌದಿ ಹೊಚ್ಚು. ಇದು ಒಳಗ ಹೋಗಬೇಕಂದ್ರ ನನ್ನ ತುಳದು ಹೋಗಬೇಕು."

"ಒಬ್ಬಾಕಿ ಥಂಡಿಗೆ ಹೋಗ್ಯಾಳ. ಈಕೀನೂ ಹೋಗ್ಲೇನು?"

ಗುರಪ್ಪನವರು ಬರಿಗೈಯಿಂದ ಶೆಗಡಿ ಕಸಿದು ಕೆಂಡವನ್ನೆಲ್ಲ ಅಂಗಳಕ್ಕೆ ಸುರುವಿದರು. ಬಳಿಕ ಸ್ಟೂಲು ಹತ್ತಿ, ಚೌಕಟ್ಟಿನ ಮೇಲಿನ ಕೊಳವೆಗೆ ಕೆನ್ನೆ ಹಚ್ಚಿ ಬಹಳ ಹೊತ್ತು ನಿಂತರು.

"ಮಾಸ್ತರ, ತಪ್ಪು ನಂದs ಐತಿ. ಉಗಿ ಆದ್ರ ಎಲ್ಲೀ ಬೇಕಾದ್ರೂ ನುಗ್ಗತೈತಿ. ನೀರಿಗೆ ಅಷ್ಟು ದಮ್ಮಿಲ್ಲ. ಈ ಏರಿನಾಗ ಗಾಳಿ ಸಿಕ್ಕೊಂಡು ನೀರಿನ ದಾರಿ ಕಟ್ಟೈತಿ. ಜನ್ಮಪೂರ್ತಿ ಉಗಿ ಜೋಡಿ ಬಾಳೇ ಮಾಡಿ ನೀರಿನ ಗುಣಾ ಮರತೆ, ನೋಡ್ರಿ."

ಬೆಂಕಿ ಆರಿಸಿ, ನೀರಿಳಿಸಿ, ಆ ಏರಿನ ನೆತ್ತಿಗೆ ಸಣ್ಣದೊಂದು ನಲ್ಲಿ ಕೂಡಿಸಿದರು. ಮತ್ತೆ ನೀರು ತುಂಬಿ ನಲ್ಲಿ ತಿರುವಿದಾಗ ಗಾಳಿ ಸುಯ್ಯೆಂದು ಹೊರಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೊಳವೆ ಕೋಣೆಯ ಸುತ್ತಲೂ ಬಿಸಿಯಾಗಿತ್ತು. ಶೆಗಡಿ ಮತ್ತೆ ಒಳಗೆ ಬರಲಿಲ್ಲ. ಕೂಸು ಮೈ ತುಂಬಿಕೊಂಡಿತು.

ಗುರಪ್ಪನವರು ಈಗಿಲ್ಲ. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ಬಾಣಂತನದ ನಡುವಿನ ಒಂದು ಸಂಜೆ. ಶಾಂತವ್ವನೂ ಕೂಸೂ ನಿದ್ದೆಯಲ್ಲಿದ್ದರು. ಬಂಬಕ್ಕೆ ಕಟ್ಟಿಗೆ ಒಟ್ಟುತ್ತಿದ್ದ ಗಂಡನ ಬಳಿ ನೀಲವ್ವನವರು ಬಂದು ನಿಂತರು. ನಾನು ಅಲ್ಲಿಯೇ ಇದ್ದೆ. ಅವರಿಗೆ ನನ್ನ ಪರಿವೆ ಇರಲಿಲ್ಲ.

"ಖರೆ ಹೇಳ್ರಿ. ಗೌರೀನ ಒಯ್ದದ್ದು ನನ್ನ ಶೆಗಡಿ ಹೌದಲ್ಲೋ?"

ಗುರಪ್ಪನವರು ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಕಟ್ಟಿಗೆಯನ್ನು ಉರಿಯೊಳಗೆ ಪೂರ್ತಿ ನೂಕಿದರು.

"ಅಲ್ಲ. ಶೆಗಡಿ ಆರಿತ್ತು. ಥಂಡಿ ಒಯ್ತು."

"ನಾ ಆವಾಗs ಹೇಳಿದ್ದೆ," ಎಂದು ನೀಲವ್ವನವರು ಕಣ್ಣೊರೆಸಿಕೊಂಡು ಒಳಗೆ ಹೋದರು. ಆ ಮನೆಯಲ್ಲಿ ಆ ಪ್ರಶ್ನೆ ಮತ್ತೆಂದೂ ಏಳಲಿಲ್ಲ. ಅಂದು ೧೯೭೯ನೆಯ ಇಸವಿಯ ಜನವರಿ ಒಂಬತ್ತು, ಮಂಗಳವಾರ.