ಓಣಿಯ ತಾಟುಗಳ ಸಂಚಾರ

ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಈ ಹೊತ್ತು ಹೊಳೆಯುತ್ತಿರುವ ಸ್ಟೀಲಿನ ತಾಟುಗಳಲ್ಲಿ ನಮ್ಮವು ಯಾವುವು, ನೆರೆಯವರವು ಯಾವುವು ಎಂದು ನೀವು ಕೇಳಬಾರದು, ನಾನು ಹೇಳಬಾರದು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಈಗ ಯಾರ ಮನೆಯ ಸ್ಟ್ಯಾಂಡೂ ಮಡಿಯಾಗಿ ಉಳಿದಿಲ್ಲ. ಇದನ್ನು ಕಳ್ಳತನವೆಂದು ತಿಳಿಯಬೇಡಿ; ಇದಕ್ಕೆ ಪರಿಸರ ಸಂರಕ್ಷಣೆ ಎಂದು ಹೆಸರು. ಅದನ್ನು ಶುರು ಮಾಡಿದವಳು ನಾನೇ.

ಪರಿಸರ ಎಂಬ ಪದ ನನಗೆ ಮೊದಲಿನಿಂದಲೂ ಸ್ವಲ್ಪ ಭಾರ. ‘ಭೂಮಿಯನ್ನು ಉಳಿಸಿ’ ಎಂದು ಗೋಡೆಯ ಮೇಲೆ ಬರೆದದ್ದನ್ನು ಓದಿದಾಗಲೆಲ್ಲ, ಅಷ್ಟು ದೊಡ್ಡ ವಸ್ತುವನ್ನು ಯಾವ ತುದಿಯಿಂದ ಹಿಡಿಯಬೇಕೆಂದು ತಿಳಿಯದೆ ಸುಮ್ಮನೆ ಮನೆಗೆ ಬಂದು ಚಹಾ ಕುಡಿದಿದ್ದೇನೆ. ನನಗೆ ಅರ್ಥವಾಗುವುದು ಗಟಾರು. ಕಳೆದ ಮಳೆಗಾಲದಲ್ಲಿ ಓಣಿಯ ತುದಿಯ ಮನೆಯವರು ಗೃಹಪ್ರವೇಶ ಮಾಡಿದರು. ಉಂಡವರು ಮನೆಗೆ ಹೋದರು, ಉಂಡ ತಾಟುಗಳು ಹೋಗಲಿಲ್ಲ. ಬೆಳ್ಳಿಬಣ್ಣದ ಹಾಳೆ ಅಂಟಿಸಿದ ಆ ಕಾಗದದ ತಾಟುಗಳೂ ಎರಡು ಗುಟುಕಿಗೆ ತೀರುವ ನೀರಿನ ಬಾಟಲಿಗಳೂ ಗಾಳಿಯಲ್ಲಿ ಮೆರವಣಿಗೆ ಹೊರಟು ಗಟಾರು ಸೇರಿದವು. ಮರುದಿನದ ಮಳೆಗೆ ಆ ಗಟಾರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಜೋಳದ ಚೀಲದ ಬುಡ ತೋಯಿಸಿತು. ನೀರು ಎತ್ತಿ ಎತ್ತಿ ಹೊರಗೆ ಹಾಕುತ್ತಲೇ ನಾನು ಶಪಥ ಮಾಡಿದೆ: ನಮ್ಮ ಮನೆಯಲ್ಲಿ ಯಾವ ಕಾರ್ಯವಾದರೂ, ಒಮ್ಮೆ ಉಂಡು ಎಸೆಯುವ ತಾಟು ತರುವುದಿಲ್ಲ. ಸೊಂಟ ನೋಯುವಾಗ ಮಾಡಿದ ಶಪಥ ಬಹಳ ಗಟ್ಟಿಯಾಗಿರುತ್ತದೆ.

ಹಾಗೆ ನೋಡಿದರೆ ನಮ್ಮ ಅಜ್ಜಿ ಏನನ್ನಾದರೂ ಎಸೆದದ್ದನ್ನು ನಾನು ಕಂಡೇ ಇಲ್ಲ. ಅವಳ ಸೀರೆ ಹರಿದರೆ ಕೌದಿಯಾಗುತ್ತಿತ್ತು. ಕೌದಿ ಹರಿದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಅರಿವೆಯಾಗುತ್ತಿತ್ತು. ಅದೂ ಹರಿದರೆ ನೆಲ ಒರೆಸುತ್ತಿತ್ತು. ನಮ್ಮ ಮನೆಯಲ್ಲಿ ಸೀರೆಗೆ ಮೋಕ್ಷ ಸಿಗಲು ಅಷ್ಟು ಜನ್ಮ ಬೇಕಾಗುತ್ತಿದ್ದವು. ಅಜ್ಜಿಯನ್ನು ಯಾರಾದರೂ ಪರಿಸರಪ್ರೇಮಿ ಎಂದಿದ್ದರೆ ಬೈಗುಳವೆಂದು ತಿಳಿದು ತಿರುಗಿ ಬೈಯುತ್ತಿದ್ದಳು. ಜಿಪುಣಿ ಎಂದರೆ ಮಾತ್ರ ನಕ್ಕು ಒಪ್ಪಿಕೊಳ್ಳುತ್ತಿದ್ದಳು. ಆ ಧೈರ್ಯ ನನಗಿಲ್ಲ. ಒಳ್ಳೆಯ ಕೆಲಸ ಮಾಡುವಾಗಲೂ ಜನ ನನ್ನನ್ನು ಜಿಪುಣಿ ಎಂದಾರು ಎಂಬ ಅಂಜಿಕೆ ನನ್ನ ಸೆರಗು ಹಿಡಿದೇ ನಡೆಯುತ್ತದೆ.

ಅಂಜಿಕೆಗೆ ತಕ್ಕ ಸಂದರ್ಭವೂ ಬಂತು. ನಮ್ಮ ಮಗಳು ಸವಿತಾ ಏಳು ತಿಂಗಳ ಬಸುರಿ; ಅವಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸದ ಕಾರ್ಯ ನಮ್ಮ ಮನೆಯಲ್ಲಿ. ರಾಮದುರ್ಗದಿಂದ ಬೀಗರು ಬರುವವರು. ಅವಳ ಅತ್ತೆ ಗಂಗವ್ವನವರು ಬಾಯಿಂದ ಹೆಚ್ಚು ಮಾತಾಡುವವರಲ್ಲ, ಹುಬ್ಬಿನಿಂದ ಮಾತಾಡುವವರು. ಮದುವೆಯಲ್ಲಿ ಹೋಳಿಗೆಗೆ ಹೂರಣ ಕಡಿಮೆಯಾಯಿತೆಂದು ಅವರು ಎತ್ತಿದ ಹುಬ್ಬು ನನ್ನ ಕಣ್ಣಿನಲ್ಲಿ ಇನ್ನೂ ಇಳಿದಿಲ್ಲ. ಈ ಸಲ ಪೆಂಡಾಲಿನವರ ಬಾಡಿಗೆಯ ಸ್ಟೀಲಿನ ತಾಟುಗಳೆಲ್ಲ ಯಾರದೋ ಮದುವೆಗೆ ಹೋಗಿದ್ದವು. ಹಾಗಾದರೆ ಓಣಿಯ ಮನೆಮನೆಯಿಂದ ತಾಟು ತರುತ್ತೇನೆ ಎಂದೆ. ನಮ್ಮವರು ಪೇಪರು ಮಡಚಿಟ್ಟರು.

“ಬೀಗರ ಮುಂದ ಕಡಾ ತಂದ ತಾಟ ಇಡತಿಯೇನ? ನಿನಗ ಯಾರೂ ಏನೂ ಅನ್ನೂದಿಲ್ಲ. ನಾಳೆ ಅಲ್ಲಿ ಮಾತು ಕೇಳಾಕಿ ನಮ್ಮ ಸವಿತಾ.”

ಆ ಮಾತು ಚುಚ್ಚಿತು, ಯಾಕೆಂದರೆ ಅದು ಖರೆ. ಆದರೂ ಗಟಾರಿಗೆ ಕೊಟ್ಟ ಮಾತು ತಪ್ಪಲಾಗದೆ ಓಣಿಗೆ ಇಳಿದೆ.

ಎಲ್ಲ ಮನೆಗಳಿಂದಲೂ ತಾಟು ಬಂದವು. ಎಲ್ಲದರ ಬೆನ್ನ ಮೇಲೂ ಒಂದೇ ಜೋಡಿಯ ಹೆಸರು! ಹಿಂದೊಮ್ಮೆ ನಮ್ಮ ಓಣಿಯ ಸಾಹುಕಾರರು ಮಗಳ ಮದುವೆಯಲ್ಲಿ ಮನೆಮನೆಗೂ ಹೆಸರು ಕೆತ್ತಿಸಿದ ತಾಟು ಹಂಚಿದ್ದರು. ಗುರುತಿಗೆಂದು ಹೆಂಗಸರೆಲ್ಲ ತಮ್ಮ ತಮ್ಮ ತಾಟಿಗೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದರು, ಕೆಲವರು ಒಂದು, ಕೆಲವರು ಮೂರು. ಎದುರುಮನೆಯ ಖೈರೂನಬಿ ಅಕ್ಕ ಮಾತ್ರ ಬೇರೆಯೇ ಒಂದು ತಾಟು ತಂದರು. ತೂಕದ್ದು, ಎತ್ತರದ ಅಂಚಿನದು; ಬೆನ್ನ ಮೇಲೆ ಅವರ ತೀರಿಹೋದ ತಾಯಿಯ ಹೆಸರು, ‘ಹುಸೇನಬಿ, ದೊಡವಾಡ’.

“ಇದು ನಮ್ಮವ್ವನ ತಾಟ, ನೀಲವ್ವಾ. ಟ್ರಂಕಿನಾಗ ಇಟ್ಟೇನಿ, ಹಬ್ಬಕ್ಕ ಸಿಹಿ ಹಾಕಾಕ ಅಷ್ಟ ತಗೀತೇನಿ. ಬ್ಯಾರೆ ಏನೂ ಹಾಕಿಲ್ಲ. ನಿಮ್ಮ ಬೀಗರಿಗೆ ನಡೀತೈತಿ” ಎಂದರು. ನಾನು ಕೇಳದಿದ್ದ ಪ್ರಶ್ನೆಗೆ ಅವರೇ ಉತ್ತರ ಕೊಟ್ಟದ್ದಕ್ಕೆ ನನಗೆ ನಾಚಿಕೆಯಾಯಿತು.

ಕುಬಸ ಚೆನ್ನಾಗಿಯೇ ಆಯಿತು. ಗಂಗವ್ವನವರು ಉಣ್ಣುವ ಮೊದಲು ತಾಟನ್ನು ಮಗುಚಿ ಸಾಹುಕಾರರ ಮಗಳು-ಅಳಿಯನ ಹೆಸರು ಓದಿದರು, ಪಕ್ಕದವರ ತಾಟಿನಲ್ಲೂ ಅದನ್ನೇ ಓದಿದರು, ಹುಬ್ಬು ಏರಿಸಿದರು, ಹೋಳಿಗೆ ಮುರಿದರು. ಆ ಹುಬ್ಬಿಗಿಂತ ಒಂದು ಬೈಗುಳ ಬಂದಿದ್ದರೆ ಅರಗುತ್ತಿತ್ತು.

ಸಂಜೆ ಓಣಿಯ ಹೆಂಗಸರೆಲ್ಲ ಹಿತ್ತಲಲ್ಲಿ ಕುಳಿತು, ಪರಿಸರದ ಉತ್ಸಾಹದಲ್ಲಿ ಸಾಬೂನೂ ಬೇಡವೆಂದು ಬೂದಿ ಹಾಕಿ ತಾಟು ತಿಕ್ಕಿದೆವು. ಎಷ್ಟು ಶ್ರದ್ಧೆಯಿಂದ ತಿಕ್ಕಿದೆವೆಂದರೆ ಉಗುರುಬಣ್ಣದ ಚುಕ್ಕೆಗಳೆಲ್ಲ ಮಾಯ. ಅಂದಾಜಿನ ಮೇಲೆ ಹಂಚಿದೆ. ಬರಿ ಪಾತ್ರೆ ಮರಳಿಸಬಾರದೆಂಬ ರೀತಿ ಇದೆಯಲ್ಲ, ಪ್ರತಿ ತಾಟಿನಲ್ಲೂ ಎರಡು ಹೋಳಿಗೆ ಇಟ್ಟು ಕಳಿಸಿದೆ. ಮರುದಿನ ಒಬ್ಬಳು “ಇದು ನಮ್ಮದಲ್ಲವಾ” ಎಂದು ಉಸುಳಿ ಹಾಕಿ ತಂದಳು. ಅದನ್ನು ಚಕ್ಕುಲಿ ಇಟ್ಟು ಇನ್ನೊಂದು ಮನೆಗೆ ಮುಟ್ಟಿಸಿದೆ. ಅಲ್ಲಿಂದ ಅದು ಮಾದಲಿ ಹೊತ್ತು ಮೂರನೆಯ ಮನೆಗೆ ನಡೆಯಿತು. ಅಂದಿನಿಂದ ತಾಟುಗಳು ತಿರುಗುತ್ತಲೇ ಇವೆ. ತಮ್ಮ ತಾಟು ಸಿಕ್ಕವರೂ ಸಿಕ್ಕಿತೆಂದು ಹೇಳುತ್ತಿಲ್ಲ ಎಂಬ ಗುಮಾನಿ ನನಗಿದೆ. ಗಟಾರು ತೆಳ್ಳಗಾಯಿತು, ನಾವು ದಪ್ಪಗಾದೆವು.

ಆದರೆ ಹುಸೇನಬಿಯವರ ತಾಟು ಯಾವ ಮನೆಯಲ್ಲೂ ಇರಲಿಲ್ಲ. ನೆನೆದು ನೆನೆದು ಕೊನೆಗೆ ಹೊಳೆಯಿತು. ಬೀಗರು ಹೊರಡುವ ಗಡಿಬಿಡಿಯಲ್ಲಿ, ಅಂಚು ಎತ್ತರವಿದೆಯೆಂದು ಅದೇ ತಾಟಿನಲ್ಲಿ ಹೋಳಿಗೆ ಒಟ್ಟಿ ಅರಿವೆ ಕಟ್ಟಿ ಕಾರಿನಲ್ಲಿ ಇಟ್ಟವಳು ನಾನೇ. ಹೋಗಿ ಹೇಳಿದಾಗ ಖೈರೂನಬಿ ಅಕ್ಕ “ಹೋಗಲಿ ಬಿಡವಾ, ತಾಟ ಅಷ್ಟ ಅಲ್ಲೇನ” ಎಂದರು. ಎಂದವರು ಎದ್ದು ಒಳಗೆ ಹೋಗಲಿಲ್ಲ, ತಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೇ ಇದ್ದರು. ಬೀಗರಿಗೆ ಕೊಟ್ಟದ್ದನ್ನು ತಿರುಗಿ ಕೇಳುವುದೆಂದರೆ ಮಾನ ಹೋದಂತೆ. ಬೆನ್ನ ಮೇಲಿನ ಹೆಸರು ಓದಿ ಅದು ಯಾರ ಮನೆಯ ತಾಟೆಂದು ಗಂಗವ್ವನವರಿಗೆ ತಿಳಿದರೆ ನಾಳೆ ಸವಿತಾ ಆ ಮನೆಯಲ್ಲಿ ಏನೇನು ಕೇಳಬೇಕೋ. ಕೇಳದೆ ಬಿಟ್ಟರೆ ಎದುರುಮನೆಯ ಕಟ್ಟೆಯನ್ನು ನಾನು ಯಾವ ಮುಖದಿಂದ ನೋಡಲಿ? ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಖೈರೂನಬಿ ಅಕ್ಕನನ್ನು ಪಕ್ಕದಲ್ಲೇ ಕೂಡಿಸಿಕೊಂಡು, ಫೋನಿನ ಸ್ಪೀಕರ್ ಹಾಕಿ, ರಾಮದುರ್ಗಕ್ಕೆ ಹಚ್ಚಿದೆ.

“ಅಕ್ಕಾರ, ಅವತ್ತು ಹೋಳಿಗಿ ಕಟ್ಟಿದ್ದ ತಾಟ...”

“ದೊಡವಾಡದ ಹುಸೇನಬಿಯವರದು ಹೌದಲ್ರಿ?” ಎಂದರು ಗಂಗವ್ವ.

“ತಪ್ಪಾತ್ರಿ ಅಕ್ಕಾರ, ಗಡಿಬಿಡಿಯಾಗ...”

“ತಪ್ಪೇನ ಬಂತ್ರಿ ಅದರಾಗ? ದಿನಾ ಅದರಾಗ ನಾನ ಉಣ್ಣಾಕತ್ತೇನಿ. ಅಂಚು ಎತ್ತರ ಐತಿ, ಸಾರು ಹೊರಗ ಹರಿಯೂದಿಲ್ಲ. ಅಂಥಾ ತಾಟ ನಮ್ಮನ್ಯಾಗ ಒಂದೂ ಇಲ್ರಿ.” ಆಮೇಲೆ ಆ ದನಿ ಸ್ವಲ್ಪ ಅನುಮಾನಿಸಿತು. “ಆವಾಗ್ಲೇ ಕಳಸಬೇಕಿತ್ತು. ಬರೇ ತಾಟ ಹ್ಯಾಂಗ ಕಳಸೂದು? ಅದರಾಗ ಏನ ಹಾಕಿದ್ರ ಅವರ ಮಂದಿಗೆ ಸೇರತೈತಿ ಅನ್ನೂದ ತಿಳೀವಲ್ತು. ಕೇಳಿ ಹೇಳ್ರಿ ಒಂದೀಟು.”

ನಾನು ಖೈರೂನಬಿ ಅಕ್ಕನ ಕಡೆ ನೋಡಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ನಕ್ಕರು, ಫೋನು ಕೇಳಿಸಿಕೊಂಡೀತೆಂದು ನನ್ನ ಕಿವಿಗೆ ಬಾಯಿ ತಂದರು.

“ಅವಸರ ಇಲ್ಲ ಅನ್ನು, ನೀಲವ್ವಾ. ಇಷ್ಟ ವರ್ಷ ಟ್ರಂಕಿನಾಗ ಕುಂತಿತ್ತು. ನಮ್ಮವ್ವನ ತಾಟಿನಾಗ ದಿನಾ ಒಬ್ರು ಉಣ್ಣಾಕತ್ತಾರಲ್ಲ, ಉಣ್ಲಿ.”